ಡ್ರೈವ್ ತೆರೆಯುತ್ತಿಲ್ಲ, ‘ಫಾರ್ಮ್ಯಾಟ್ ಮಾಡಿ’ ಅನ್ನುತ್ತಿದೆ: ಕಡಿಮೆ ಖರ್ಚಿನ ರಿಕವರಿ ಸಾಫ್ಟ್‌ವೇರ್ ಯಾವುದು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಫೋಟೋ ಕಾಪಿ ಆಗುತ್ತಿರುವಾಗಲೇ ಕೇಬಲ್ ಕಳಚಿ ಬಂತು. ಈಗ ವಿಂಡೋಸ್‌ನಲ್ಲಿ ಡ್ರೈವ್ ಕಾಣುತ್ತದೆ, ಆದರೆ ತೆರೆಯಲು ಹೋದರೆ ಫಾರ್ಮ್ಯಾಟ್ ಮಾಡು ಅನ್ನುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ರಾ’ ಅಂತ ತೋರಿಸುತ್ತಿದೆ. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋಗಳೆಲ್ಲ ಅದರಲ್ಲೇ ಇವೆ, ಬೇರೆ ಕಾಪಿ ಇಲ್ಲ. ನೋಡಿದ ಸಾಫ್ಟ್‌ವೇರ್‌ಗಳೆಲ್ಲ ದುಬಾರಿ. ಯಾವುದನ್ನು ಕೊಳ್ಳಲಿ? ಅಥವಾ ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್ ಸಾಕಾ?

ಉತ್ತರ:
ಫಾರ್ಮ್ಯಾಟ್ ಬೇಡ, ಚೆಕ್‌ಡಿಸ್ಕ್ ಕೂಡ ಬೇಡ. ‘ರಾ’ ಡ್ರೈವ್ ಮೇಲೆ ಅದು ಸಾಮಾನ್ಯವಾಗಿ ಓಡುವುದೇ ಇಲ್ಲ. ಓಡಿದರೂ ಅದರ ಕೆಲಸ ಫೈಲ್ ಸಿಸ್ಟಮ್ (ಯಾವ ಫೈಲ್ ಡಿಸ್ಕ್‌ನಲ್ಲಿ ಎಲ್ಲಿದೆ ಅನ್ನುವ ಲೆಕ್ಕ ಇಡುವ ವ್ಯವಸ್ಥೆ) ರಿಪೇರಿ, ಫೋಟೋ ಉಳಿಸುವುದಲ್ಲ. ‘ರಾ’ ಅಂದರೆ ಫೈಲ್ ಸಿಸ್ಟಮ್ ಯಾವುದು ಅನ್ನುವುದು ವಿಂಡೋಸ್‌ಗೆ ತಿಳಿಯುತ್ತಿಲ್ಲ ಅಷ್ಟೆ. ಫೋಟೋಗಳು ಬಹುತೇಕ ಅಲ್ಲೇ ಇರುತ್ತವೆ, ಧೈರ್ಯವಾಗಿರಿ.

ಸಾಫ್ಟ್‌ವೇರ್ ಆರಿಸುವ ಮೊದಲು ಡಿಸ್ಕ್ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಉಚಿತ. ಅದರಲ್ಲಿ ಡಿಸ್ಕ್ ಹಾಳಾಗುತ್ತಿರುವುದನ್ನು ತೋರಿಸುವ 05, ಸಿ5, ಸಿ6 ಸಾಲುಗಳಲ್ಲಿ ಸೊನ್ನೆ ಇದೆಯೋ ಇಲ್ಲವೋ ಹೇಳಿ. ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಕೂಡಲೇ ಕೇಬಲ್ ತೆಗೆದುಬಿಡಿ. ಆಗ ಯಾವ ಸಾಫ್ಟ್‌ವೇರೂ ಉಪಯೋಗಕ್ಕೆ ಬರುವುದಿಲ್ಲ, ಡೇಟಾ ರಿಕವರಿ ಲ್ಯಾಬ್‌ಗೇ ಕೊಡಬೇಕು.

ಪ್ರಶ್ನೆ ಕೇಳಿದವರು:
ಸದ್ದು ಇಲ್ಲ. ಆದರೆ ಹಳದಿ ಬಣ್ಣ ತೋರಿಸುತ್ತಿದೆ. ಸಿ5ರಲ್ಲಿ 16 ಇದೆ, ಉಳಿದ ಎರಡರಲ್ಲಿ ಸೊನ್ನೆ.

ಉತ್ತರ:
ಕೇಳಿದ್ದು ಒಳ್ಳೆಯದಾಯಿತು. ಸಿ5 ಅಂದರೆ ಓದಲು ಆಗದೆ ಬಾಕಿ ಉಳಿದ ಸೆಕ್ಟರ್‌ಗಳು, ಅಂದರೆ ಡಿಸ್ಕ್‌ನ ಚಿಕ್ಕ ಚಿಕ್ಕ ತುಣುಕುಗಳು. ಇಂಥ ಡಿಸ್ಕ್ ಮೇಲೆ ನೇರವಾಗಿ ಗಂಟೆಗಟ್ಟಲೆ ಸ್ಕ್ಯಾನ್ ಮಾಡಿದರೆ ಅದು ಇನ್ನೂ ಹಾಳಾಗಬಹುದು. ಮೊದಲು ಪೂರ್ತಿ ಡಿಸ್ಕ್‌ನ ಇಮೇಜ್ (ಇಡೀ ಡಿಸ್ಕ್‌ನ ಯಥಾವತ್ ನಕಲು ಇರುವ ಒಂದು ಫೈಲ್) ತೆಗೆಯಿರಿ, ಆಮೇಲೆ ಇಮೇಜ್ ಮೇಲೆ ಏನು ಬೇಕಾದರೂ ಪ್ರಯೋಗ ಮಾಡಿ. ಖರ್ಚು ಮಾಡುವುದಿದ್ದರೆ ಸಾಫ್ಟ್‌ವೇರ್‌ಗಲ್ಲ, 2 ಟಿಬಿಯ ಹೊಸ ಡ್ರೈವ್‌ಗೆ ಮಾಡಿ. ಇಮೇಜ್‌ಗೂ ಹೊರತೆಗೆದ ಫೋಟೋಗಳಿಗೂ ಅದರಲ್ಲಿ ಜಾಗ ಸಿಗುತ್ತದೆ.

ಇಮೇಜ್‌ಗೆ ಲಿನಕ್ಸ್ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಶುರು ಮಾಡಿ) ಡಿಡಿರೆಸ್ಕ್ಯೂ ಓಡಿಸಿ, ಉಚಿತ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು ಕಷ್ಟದ ಭಾಗವನ್ನು ಕೊನೆಗೆ ಬಿಡುತ್ತದೆ. ಎಲ್ಲಿಯವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್‌ನ ಹೆಸರು ತಪ್ಪದೆ ಕೊಡಿ, ಮಧ್ಯೆ ನಿಂತರೂ ಅಲ್ಲಿಂದಲೇ ಮುಂದುವರಿಯುತ್ತದೆ. ಯಾವುದು ಹಳೆಯ ಡ್ರೈವ್, ಯಾವುದು ಹೊಸದು ಅಂತ ಸೀರಿಯಲ್ ನಂಬರ್ ನೋಡಿ ಎರಡು ಸಲ ಖಚಿತ ಮಾಡಿಕೊಳ್ಳಿ. ಅದಲು ಬದಲಾದರೆ ಎಲ್ಲ ಹೋಯಿತು.

ಆಮೇಲೆ ಇಮೇಜನ್ನು ಡಿಎಂಡಿಇ ಅನ್ನುವ ರಿಕವರಿ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಫೋಲ್ಡರ್, ಹೆಸರು ಸಮೇತ ಫೈಲ್ ಸಿಗುವ ಸಾಧ್ಯತೆ ಜಾಸ್ತಿ. ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ ಒಂದು ಫೋಲ್ಡರ್‌ನಿಂದ 4000 ಫೈಲ್ ತೆಗೆಯಬಹುದು. ಅದರಲ್ಲಿ ಆಗದಿದ್ದರೆ ಫೋಟೋರೆಕ್. ಅದು ಪೂರ್ತಿ ಉಚಿತ, ಆದರೆ ಫೈಲ್ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ. ರೆಕುವಾ ಅಳಿಸಿದ ಫೈಲ್‌ಗಳಿಗೆ ಚೆನ್ನ, ನಿಮ್ಮ ಸಮಸ್ಯೆಗೆ ಅಲ್ಲ.

ಇದ್ಯಾವುದೂ ಆಗದಿದ್ದರೆ ಮಾತ್ರ ದುಡ್ಡಿನ ಸಾಫ್ಟ್‌ವೇರ್. ಹೆಚ್ಚಿನವು ಸ್ಕ್ಯಾನ್, ಪ್ರಿವ್ಯೂ ಎರಡನ್ನೂ ಉಚಿತವಾಗಿ ಕೊಡುತ್ತವೆ. ಬರೀ ಫೈಲ್ ಹೆಸರು ಕಂಡಿತು ಅಂತ ದುಡ್ಡು ಕಟ್ಟಬೇಡಿ. ಬೇರೆ ಬೇರೆ ಫೋಲ್ಡರ್‌ನ ಫೋಟೋಗಳು ಪ್ರಿವ್ಯೂನಲ್ಲಿ ಪೂರ್ತಿ ತೆರೆಯಬೇಕು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್! ಇಮೇಜ್ ಆಗಲು ರಾತ್ರಿಯೆಲ್ಲ ಹಿಡಿಯಿತು. ಡಿಎಂಡಿಇಯಲ್ಲಿ ಫೋಲ್ಡರ್‌ಗಳೆಲ್ಲ ಹಾಗೇ ಕಂಡವು, ನೋಡಿ ಕಣ್ಣು ತುಂಬಿ ಬಂತು. ಐದಾರು ಫೋಟೋ ಮಾತ್ರ ಅರ್ಧ ಬೂದು ಬಣ್ಣ. ಅವುಗಳಿಗೆ ದಾರಿ ಇದೆಯಾ?

ಉತ್ತರ:
ನನಗೂ ತುಂಬಾ ಖುಷಿ ಆಯಿತು. ಆ ಐದಾರು ಬಹುಶಃ ಓದಲಾಗದ ಸೆಕ್ಟರ್‌ಗಳ ಮೇಲೆ ಕೂತಿವೆ. ಮೊದಲು ಸಿಕ್ಕಿದ್ದನ್ನೆಲ್ಲ ಇನ್ನೊಂದು ಕಡೆಗೂ ಕಾಪಿ ಮಾಡಿ. ಆಮೇಲೆ ಅದೇ ಮ್ಯಾಪ್ ಫೈಲ್ ಕೊಟ್ಟು, ಮೂರು ಸಲ ಮರುಪ್ರಯತ್ನಿಸುವಂತೆ ಡಿಡಿರೆಸ್ಕ್ಯೂ ಮತ್ತೆ ಓಡಿಸಿ. ಬಾಕಿ ಉಳಿದ ಸೆಕ್ಟರ್‌ಗಳನ್ನಷ್ಟೇ ಅದು ಓದಲು ನೋಡುತ್ತದೆ. ಒಂದೆರಡು ಸೆಕ್ಟರ್ ಸಿಕ್ಕಿದರೂ ಆ ಫೋಟೋಗಳನ್ನು ಇಮೇಜ್‌ನಿಂದ ಮತ್ತೊಮ್ಮೆ ತೆಗೆದು ನೋಡಿ.