ಪ್ರಾಡಕ್ಟ್ ಮ್ಯಾನೇಜರ್ ಕೆಲಸಕ್ಕೆ ಎಐ ಕಮಾಂಡ್‌ಗಳು: ಯಾವುದನ್ನು ಒಪ್ಪಿಸಬಹುದು, ಯಾವುದನ್ನು ಕೈಯಲ್ಲೇ ಇಟ್ಟುಕೊಳ್ಳಬೇಕು?

ಪ್ರಶ್ನೆ

ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದೇನೆ. ಕಿರಾಣಿ ಅಂಗಡಿಯವರು ಯುಪಿಐ ಮೂಲಕ ಹಣ ಪಡೆದು ದಿನದ ಲೆಕ್ಕ ನೋಡಿಕೊಳ್ಳುವ ಆ್ಯಪ್ ನಮ್ಮದು. ಸೋಮವಾರ ಹಿಂದಿನ ವಾರದ ದೂರುಗಳನ್ನೆಲ್ಲ ಓದಿ ಸಾರಾಂಶ ಮಾಡಬೇಕು, ಮಂಗಳವಾರದೊಳಗೆ ಮುಂದಿನ ಸ್ಪ್ರಿಂಟ್‌ನ (ಮುಂದಿನ ಕೆಲಸದ ಸುತ್ತಿನ) ಟಿಕೆಟ್‌ಗಳನ್ನು, ಅಂದರೆ ಎಂಜಿನಿಯರ್‌ಗಳು ಮಾಡಬೇಕಾದ ಒಂದೊಂದು ಕೆಲಸದ ವಿವರವನ್ನು, ಬರೆಯಬೇಕು, ಗುರುವಾರ ಮೇಲಿನವರಿಗೆ ಸ್ಥಿತಿವರದಿ ಕಳುಹಿಸಬೇಕು, ನಡುವೆ ಹೊಸ ಫೀಚರ್ ಬಂದರೆ ಅದಕ್ಕೊಂದು ಪಿಆರ್‌ಡಿ (ಆ ಫೀಚರ್ ಏನು ಮಾಡಬೇಕು ಎಂದು ವಿವರಿಸುವ ದಾಖಲೆ) ಬರೆಯಬೇಕು. ವಾರದ ಅರ್ಧ ಇದರಲ್ಲೇ ಕಳೆದುಹೋಗುವುದರಿಂದ ಅಂಗಡಿಗೆ ಹೋಗಿ ಮಾಲೀಕರೊಂದಿಗೆ ಮಾತನಾಡಲು ಸಮಯವೇ ಉಳಿಯುತ್ತಿಲ್ಲ.

ಎರಡು ತಿಂಗಳಿಂದ ಆಂಥ್ರೊಪಿಕ್ ಕಂಪನಿಯ ಎಐ ಸಹಾಯಕ ಕ್ಲಾಡ್ ಕೋಡ್ ಬಳಸುತ್ತಿದ್ದೇನೆ. ಪ್ರತಿ ಸಲ ಅದೇ ಉದ್ದನೆಯ ಸೂಚನೆಯನ್ನು ಅಂಟಿಸುವ ಬದಲು ಸ್ಲ್ಯಾಷ್ ಕಮಾಂಡ್‌ಗಳನ್ನು (ಓರೆಗೆರೆಯ ಮುಂದೆ ಹೆಸರು ಬರೆದರೆ ಉಳಿಸಿಟ್ಟ ಸೂಚನೆಯನ್ನು ಓಡಿಸುವಂಥವು) ಮಾಡಿಟ್ಟುಕೊಂಡೆ. ಈಗ ಅವು ಹನ್ನೊಂದಾಗಿವೆ. ಅವುಗಳಲ್ಲಿ ಸ್ಥಿತಿವರದಿಯದು ಮಾತ್ರ ನೆಮ್ಮದಿಯಾಗಿ ನಡೆಯುತ್ತಿದೆ. ಪಿಆರ್‌ಡಿ ಕಮಾಂಡ್ ಕೊಡುವ ಹತ್ತು ಪುಟಗಳು ಓದಲು ಚೆನ್ನಾಗಿಯೇ ಇರುತ್ತವೆ, ಆದರೆ ಎಂಜಿನಿಯರ್‌ಗಳು ನಾಲ್ಕು ಪ್ರಶ್ನೆ ಕೇಳುವಷ್ಟರಲ್ಲಿ ನಾನು ನಿರ್ಧರಿಸದೇ ಇದ್ದ ಸಂಗತಿಗಳು ಅಲ್ಲಿ ನಿರ್ಧಾರಗಳಾಗಿ ಕುಳಿತಿರುವುದು ತಿಳಿಯುತ್ತದೆ. ಕಳೆದ ವಾರದ ದೂರುಗಳ ಸಾರಾಂಶದಲ್ಲಿ ‘ಪಾವತಿ ವಿಫಲ: 64’ ಎಂದಿತ್ತು, ನಾನೇ ಕುಳಿತು ಎಣಿಸಿದರೆ 41 ಇದ್ದವು. ಆ ಸಂಖ್ಯೆಯನ್ನು ನಾನು ಅಷ್ಟರಲ್ಲಿ ಸಭೆಯಲ್ಲಿ ಹೇಳಿಯೂ ಆಗಿತ್ತು.

ಇಂಥ ಕಮಾಂಡ್‌ಗಳನ್ನು ದೀರ್ಘಕಾಲ ಬಳಸಿದವರು ಅವುಗಳನ್ನು ಹೇಗೆ ಬರೆಯುತ್ತೀರಿ, ಯಾವ ಕೆಲಸವನ್ನು ಅವುಗಳಿಗೆ ಕೊಡುವುದೇ ಇಲ್ಲ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1

ಎಣಿಕೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಖಚಿತವಾದ ಪರಿಹಾರವಿದೆ. ನೂರಾರು ಸಾಲುಗಳನ್ನು ಒಟ್ಟಿಗೆ ಕೊಟ್ಟು ‘ಯಾವ ದೂರು ಎಷ್ಟಿದೆ’ ಎಂದು ಕೇಳಿದರೆ ಈ ಎಐ ಹಿಂದಿರುವ ಭಾಷಾ ಮಾದರಿ ನಾವು ಎಣಿಸುವಂತೆ ಒಂದೊಂದಾಗಿ ಎಣಿಸುವುದಿಲ್ಲ. ಓದಿದ್ದರ ಅಂದಾಜಿನ ಮೇಲೆ ಒಂದು ಸಂಖ್ಯೆ ಬರೆಯುತ್ತದೆ, ಆ ಸಂಖ್ಯೆ ನೋಡುವವರಿಗೆ ಎಣಿಸಿ ಬರೆದದ್ದರಷ್ಟೇ ಗಟ್ಟಿಯಾಗಿ ಕಾಣುತ್ತದೆ. ಆದ್ದರಿಂದ ಕಮಾಂಡ್‌ನ ಕೆಲಸವನ್ನು ಎರಡಾಗಿ ಒಡೆಯಿರಿ. ಮೊದಲು ದೂರುಗಳ ಪಟ್ಟಿಯಿರುವ ಸಿಎಸ್‌ವಿ ಕಡತದ ಪ್ರತಿ ಸಾಲಿನ ಪಕ್ಕದಲ್ಲಿ ಅದು ಯಾವ ವರ್ಗದ ದೂರು ಎಂಬುದನ್ನೂ, ಹಾಗೆಂದು ತೀರ್ಮಾನಿಸಲು ಕಾರಣವಾದ ಗ್ರಾಹಕರ ಮಾತನ್ನೂ ಬರೆಯಲಿ. ಆಮೇಲೆ ಎಣಿಕೆಯನ್ನು ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಮಾಡಲಿ. ಕ್ಲಾಡ್ ಕೋಡ್ ಅದನ್ನು ತಾನೇ ಬರೆದು ಓಡಿಸಬಲ್ಲದು, ಆದರೆ ಒಮ್ಮೆ ಬರೆದದ್ದನ್ನು ಉಳಿಸಿಟ್ಟು ಪ್ರತಿ ವಾರ ಅದನ್ನೇ ಓಡಿಸುವಂತೆ ಕಮಾಂಡ್‌ನಲ್ಲಿ ಸ್ಪಷ್ಟವಾಗಿ ಹೇಳಬೇಕು. ಇಲ್ಲದಿದ್ದರೆ ಸೋಮವಾರಕ್ಕೊಂದು ಹೊಸ ಸ್ಕ್ರಿಪ್ಟ್ ಹುಟ್ಟಿಕೊಂಡು, ಈ ವಾರದ ಲೆಕ್ಕವನ್ನು ಕಳೆದ ವಾರದ ಲೆಕ್ಕದ ಪಕ್ಕ ಇಟ್ಟು ನೋಡಲು ಬರುವುದಿಲ್ಲ.

ಆದರೆ 64ಕ್ಕೂ 41ಕ್ಕೂ ಇರುವ ಅಂತರ ಬರೀ ಎಣಿಕೆಯದಲ್ಲ ಎಂಬುದು ನನ್ನ ಅನುಮಾನ. ನಾನೂ ಅಂಗಡಿಗಳ ಪಾವತಿ ಆ್ಯಪ್ ಒಂದರಲ್ಲಿ ಕೆಲಸ ಮಾಡಿದವಳು. ಅಲ್ಲಿ ಬರುತ್ತಿದ್ದ ದೂರುಗಳಲ್ಲಿ ‘ಬಾಕ್ಸ್ ಕೂಗಲಿಲ್ಲ’ ಎಂಬ ಮಾತು ಮತ್ತೆ ಮತ್ತೆ ಇರುತ್ತಿತ್ತು. ಹಣ ಖಾತೆಗೆ ಬಂದಿರುತ್ತದೆ, ಆದರೆ ಸೌಂಡ್‌ಬಾಕ್ಸ್‌ನ ಸಿಮ್‌ಗೆ ನೆಟ್‌ವರ್ಕ್ ಸಿಗದೆಯೋ ಚಾರ್ಜ್ ಮುಗಿದೋ ಅದು ಹೇಳಿರುವುದಿಲ್ಲ. ‘ದುಡ್ಡು ಕಟ್ ಆಗಿದೆ, ನಮಗೆ ಬಂದಿಲ್ಲ’ ಎನ್ನುವುದು ಬೇರೆಯೇ ದೂರು. ಅಲ್ಲಿ ಕೊಳ್ಳುವವರ ಖಾತೆಯಿಂದ ಹಣ ಹೋಗಿ, ಅಂಗಡಿಯ ಖಾತೆಗೆ ಜಮೆಯಾಗಿರುವುದಿಲ್ಲ. ‘ಪೆಂಡಿಂಗ್ ಅಂತಲೇ ತೋರಿಸ್ತಿದೆ, ಸಾಮಾನು ಕೊಡಲೋ ಬೇಡವೋ’ ಎನ್ನುವುದು ಮೂರನೆಯದು. ಈ ಮೂರನ್ನೂ ಮಾದರಿ ‘ಪಾವತಿ ವಿಫಲ’ ಎಂಬ ಒಂದೇ ಬುಟ್ಟಿಗೆ ಹಾಕುತ್ತದೆ. ಮೊದಲನೆಯದನ್ನು ನೋಡಬೇಕಾದವರು ಸಾಧನದ ತಂಡ, ಎರಡನೆಯದನ್ನು ಬ್ಯಾಂಕಿನೊಡನೆ ಲೆಕ್ಕ ತಾಳೆ ಹಾಕುವವರು, ಮೂರನೆಯದನ್ನು ಆ್ಯಪ್‌ನ ಪರದೆ ರೂಪಿಸುವವರು. ಬುಟ್ಟಿ ಒಂದೇ ಆದರೆ ಆ ವಾರ ಮೂರೂ ತಂಡಗಳು ಸುಮ್ಮನೆ ಕುಳಿತಿರುತ್ತವೆ.

ಇದಕ್ಕೆ ನಾವು ಮಾಡಿದ್ದು ಒಂದು ಪದಕೋಶ. ಗ್ರಾಹಕರು ಬಳಸುವ ಮಾತು ಎಡಕ್ಕೆ, ಅದರ ಅರ್ಥ ಮತ್ತು ನಮ್ಮ ವರ್ಗ ಬಲಕ್ಕೆ, ಹೀಗೆ ಮೂವತ್ತು ಸಾಲು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರೇ ಹೆಚ್ಚಾದ್ದರಿಂದ ಒಂದೇ ಮಾತಿನ ನಾಲ್ಕಾರು ಕಾಗುಣಿತಗಳನ್ನೂ ಸೇರಿಸಿದೆವು. ಇದನ್ನು ಕ್ಲಾಡ್ ಕೋಡ್ ಪ್ರತಿ ಸಲ ಆರಂಭದಲ್ಲೇ ಓದುವ ಕ್ಲಾಡ್.ಎಂಡಿ ಕಡತದಲ್ಲಿ ಇಡಬಹುದು, ಇಲ್ಲವೇ ಬೇರೆ ಕಡತದಲ್ಲಿಟ್ಟು ದೂರಿನ ಕಮಾಂಡ್‌ನಿಂದ ಅಟ್ ಚಿಹ್ನೆ (@) ಹಾಕಿ ಕರೆಯಬಹುದು. ಬೇರೆ ಕಮಾಂಡ್‌ಗಳಿಗೆ ಅದರ ಅಗತ್ಯವಿಲ್ಲವಾದ್ದರಿಂದ ಎರಡನೆಯದೇ ಮೇಲು. ಯಾವ ವರ್ಗಕ್ಕೂ ಸೇರದ ಸಾಲುಗಳನ್ನು ‘ತಿಳಿಯಲಿಲ್ಲ’ ಎಂದು ಬಿಡಲು ಕಮಾಂಡ್‌ನಲ್ಲಿ ಅನುಮತಿ ಕೊಡಿ. ಆ ಸಾಲುಗಳನ್ನು ನೀವೇ ಓದಿ. ಹೊಸ ಸಮಸ್ಯೆಗಳು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ.

ಪಿಆರ್‌ಡಿಯ ವಿಷಯದಲ್ಲಿ ನಿಮ್ಮ ಕಮಾಂಡ್‌ಗೆ ‘ಪಿಆರ್‌ಡಿ ಬರೆ’ ಎಂದು ಹೇಳಿದ್ದೀರಿ ಎಂದುಕೊಳ್ಳುತ್ತೇನೆ. ಹಾಗೆ ಹೇಳಿದರೆ ಖಾಲಿ ಜಾಗಗಳನ್ನೆಲ್ಲ ಅದು ತುಂಬಿಯೇ ತುಂಬುತ್ತದೆ. ಅದರ ಬದಲು, ಬರೆಯುವ ಮೊದಲು ನನ್ನನ್ನು ಒಂದೊಂದಾಗಿ ಪ್ರಶ್ನೆ ಕೇಳು, ನಾನು ಉತ್ತರಿಸದ ಕಡೆ ‘ನಿರ್ಧಾರವಾಗಿಲ್ಲ’ ಎಂದೇ ಬರೆ, ಎರಡು ಪುಟ ಮೀರಬೇಡ ಎಂದು ಬರೆದು ನೋಡಿ. ಮೊದಲ ಸಲ ನನ್ನ ಕರಡಿನಲ್ಲಿ ‘ನಿರ್ಧಾರವಾಗಿಲ್ಲ’ ಎಂಬುದು ಒಂಬತ್ತು ಕಡೆ ಇತ್ತು. ಹಿಂದಿನ ದಾಖಲೆಗಳಲ್ಲಿ ಆ ಒಂಬತ್ತೂ ನುಣುಪಾದ ವಾಕ್ಯಗಳಾಗಿ ಎಂಜಿನಿಯರ್‌ಗಳ ಕೈ ಸೇರುತ್ತಿದ್ದವು ಎಂದು ಯೋಚಿಸಿದಾಗ ನನಗೆ ನಿಜವಾಗಿಯೂ ಕಳವಳವಾಯಿತು.

ಉತ್ತರ 2

ನಿಮ್ಮ ಹನ್ನೊಂದರಲ್ಲಿ ಆದ್ಯತೆ ಲೆಕ್ಕ ಹಾಕುವ ಕಮಾಂಡ್ ಇದ್ದರೆ ಅದನ್ನು ಈಗಲೇ ಪರೀಕ್ಷಿಸಿ. ಇಂಟರ್‌ಕಾಮ್ ಕಂಪನಿಯವರು ಆದ್ಯತೆ ಅಳೆಯಲು ರೂಪಿಸಿದ ರೈಸ್ (RICE) ವಿಧಾನದಲ್ಲಿ ತಲುಪುವ ಜನ, ಪರಿಣಾಮ, ವಿಶ್ವಾಸ ಈ ಮೂರನ್ನು ಗುಣಿಸಿ ಶ್ರಮದಿಂದ ಭಾಗಿಸುತ್ತಾರೆ. ಮೂರು ತಿಂಗಳಲ್ಲಿ 2,000 ಅಂಗಡಿಗಳನ್ನು ತಲುಪುವ, ಪರಿಣಾಮ 1 ಇರುವ, ಒಬ್ಬರ ಎರಡು ತಿಂಗಳ ಶ್ರಮ ಬೇಡುವ ಫೀಚರ್‌ಗೆ ವಿಶ್ವಾಸ 80% ಎಂದು ಹಾಕಿದರೆ ಅಂಕ 800. ವಿಶ್ವಾಸ 50% ಎಂದು ಹಾಕಿದರೆ 500. ನನ್ನ ಕಮಾಂಡ್ ಎಲ್ಲ ಫೀಚರ್‌ಗಳಿಗೂ 80% ಎಂದೇ ಹಾಕುತ್ತಿತ್ತು. ವಿಶ್ವಾಸ ಎಂದರೆ ನಮ್ಮ ಕೈಯಲ್ಲಿರುವ ಪುರಾವೆಯ ಅಳತೆ. ಆ ಪುರಾವೆಯನ್ನೇ ಕೊಡದೆ ಅಳೆಯಲು ಹೇಳಿದರೆ ಅದು ತಾನೇ ಏನು ಮಾಡೀತು? ಈಗ ನಾಲ್ಕೂ ಸಂಖ್ಯೆಗಳನ್ನು ನಾನೇ ಹಾಕುತ್ತೇನೆ. ‘ಈ 80ಕ್ಕೆ ಆಧಾರವೇನು’ ಎಂದು ಪ್ರತಿ ಸಾಲಿಗೂ ನನ್ನನ್ನು ಕೇಳುವ ಕೆಲಸ ಮಾತ್ರ ಕಮಾಂಡ್‌ನದು.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ದೂರುಗಳ ಕಡತವನ್ನು ಹಾಗೆಯೇ ಕೊಡುತ್ತಿದ್ದೀರಾ ಎಂದು ಕೇಳಬೇಕೆನಿಸಿತು. ಅನೇಕರ ಯುಪಿಐ ಐಡಿಯಲ್ಲಿ ಅವರ ಮೊಬೈಲ್ ಸಂಖ್ಯೆಯೇ ಇರುತ್ತದೆ, ದೂರಿನ ಒಕ್ಕಣೆಯೊಳಗೆ ಖಾತೆ ಸಂಖ್ಯೆಯನ್ನು ಬರೆದಿರುವವರೂ ಇರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವೆಲ್ಲ ವೈಯಕ್ತಿಕ ದತ್ತಾಂಶ. ಹೆಸರು, ಸಂಖ್ಯೆ, ಐಡಿಗಳನ್ನು ಮುಚ್ಚುವ ಸ್ಕ್ರಿಪ್ಟನ್ನು ಕಡತ ನಿಮ್ಮ ಕಂಪ್ಯೂಟರ್‌ನಲ್ಲಿರುವಾಗಲೇ ನೀವೇ ಓಡಿಸಿ, ಮುಚ್ಚಿದ ಪ್ರತಿಯನ್ನಷ್ಟೇ ಕಮಾಂಡ್ ಓದುವ ಫೋಲ್ಡರಿನಲ್ಲಿಡಿ. ಮುಚ್ಚುವ ಕೆಲಸವನ್ನೂ ಎಐಗೇ ಹೇಳಿದರೆ, ಮುಚ್ಚುವ ಮೊದಲೇ ಅದು ಎಲ್ಲವನ್ನೂ ಓದಿ ಆಗಿರುತ್ತದೆ.

ಇನ್ನೊಂದು ಸಂಗತಿ ಅನುಮತಿಯದು. ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಎಂಸಿಪಿ (ಎಐಯನ್ನು ಬೇರೆ ತಂತ್ರಾಂಶಗಳಿಗೆ ಜೋಡಿಸುವ ವಿಧಾನ) ಮೂಲಕ, ಟಿಕೆಟ್‌ಗಳನ್ನು ಇಡುವ ಜೀರಾ (Jira) ಮುಂತಾದ ತಂತ್ರಾಂಶಗಳನ್ನು ನೇರವಾಗಿ ಜೋಡಿಸಬಹುದು. ಟಿಕೆಟ್ ಓದಲು ಅನುಮತಿ ಕೊಡುವುದರಲ್ಲಿ ಅಷ್ಟೇನೂ ಅಪಾಯವಿಲ್ಲ. ಬರೆಯುವ ಅನುಮತಿಯನ್ನು ನಾನು ಕೊಟ್ಟಿಲ್ಲ. ಕಮಾಂಡ್ ಕರಡನ್ನು ಒಂದು ಕಡತದಲ್ಲಿ ಬರೆಯುತ್ತದೆ, ನಾನು ಓದಿ ತಿದ್ದಿ ಜೀರಾಕ್ಕೆ ಹಾಕುತ್ತೇನೆ. ಟಿಕೆಟ್ ಮೇಲೆ ಇರುವುದು ನನ್ನ ಹೆಸರು, ಅದನ್ನು ನಂಬಿ ಎರಡು ದಿನ ಕೆಲಸ ಮಾಡುವವರು ನನ್ನ ಸಹೋದ್ಯೋಗಿಗಳು.

ಪ್ರಶ್ನೆ ಕೇಳಿದವರಿಂದ, ಎರಡು ವಾರಗಳ ನಂತರ

ಮೂವರಿಗೂ ಮನಸಾರೆ ಧನ್ಯವಾದಗಳು. ಮುಚ್ಚುವ ಸ್ಕ್ರಿಪ್ಟ್ ಮೊದಲ ದಿನವೇ ಮಾಡಿದೆ. ನಾನು ಇಷ್ಟು ದಿನ ಕಡತವನ್ನು ಹಾಗೆಯೇ ಕೊಡುತ್ತಿದ್ದೆ, ಅದು ತಪ್ಪು. ನಮ್ಮ ಭದ್ರತಾ ತಂಡಕ್ಕೂ ವಿಷಯ ತಿಳಿಸಿದ್ದೇನೆ.

ಪದಕೋಶ ಸೇರಿಸಿ ಹಳೆಯ ವಾರದ ಕಡತವನ್ನೇ ಮತ್ತೆ ಓಡಿಸಿದೆ. ಸಾಲು ಸಾಲಾಗಿ ತಾಳೆ ನೋಡಿದಾಗ, ಮೊದಲು ಹೆಚ್ಚುವರಿಯಾಗಿ ಬಂದಿದ್ದ 23ರಲ್ಲಿ 17 ‘ಬಾಕ್ಸ್ ಕೂಗಲಿಲ್ಲ’ ದೂರುಗಳಾಗಿದ್ದವು. ಅವುಗಳಲ್ಲಿ ಹನ್ನೆರಡು ಒಂದೇ ಪೇಟೆಯ ಅಂಗಡಿಗಳಿಂದ ಬಂದಿದ್ದವು. ಶುಕ್ರವಾರ ಅಲ್ಲಿಗೆ ಹೋಗಿದ್ದೆ. ಒಂದು ಅಂಗಡಿಯವರು ಬಾಕ್ಸನ್ನು ಸಕ್ಕರೆ ಚೀಲದ ಹಿಂದಿನಿಂದ ತೆಗೆದು ಬಾಗಿಲ ಬಳಿ ಇಟ್ಟು, ಒಂದು ರೂಪಾಯಿ ಕಳುಹಿಸಲು ಹೇಳಿದರು. ಬಾಗಿಲ ಬಳಿ ಕೂಗಿತು, ಒಳಗೆ ಕೂಗಲಿಲ್ಲ. ಸಾಧನದ ತಂಡಕ್ಕೆ ಈಗ ಸಿಗ್ನಲ್ ಬಲವನ್ನು ಬಾಕ್ಸ್‌ನ ದೀಪದಲ್ಲಿ ತೋರಿಸುವ ಟಿಕೆಟ್ ಬರೆದಿದ್ದೇನೆ, ಅದನ್ನು ಕಮಾಂಡ್ ಇಲ್ಲದೆ ನಾನೇ ಬರೆದೆ.

ಹನ್ನೊಂದರಲ್ಲಿ ನಾಲ್ಕನ್ನು ಉಳಿಸಿಕೊಂಡಿದ್ದೇನೆ. ಪಿಆರ್‌ಡಿ ಕಮಾಂಡ್‌ನ ಪ್ರಶ್ನೆಗಳು ಇನ್ನೂ ತೀರ ಸಾಮಾನ್ಯವಾಗಿವೆ. ‘ಗುರಿ ಬಳಕೆದಾರರು ಯಾರು’ ಎಂದು ಪ್ರತಿ ಸಲವೂ ಕೇಳುತ್ತದೆ. ನಮ್ಮ ಎಂಜಿನಿಯರ್‌ಗಳು ಹಿಂದಿನ ಆರು ಪಿಆರ್‌ಡಿಗಳ ಮೇಲೆ ಬರೆದ ಟಿಪ್ಪಣಿಗಳನ್ನು ಒಟ್ಟುಮಾಡಿ ಪ್ರಶ್ನೆಗಳನ್ನು ಅವುಗಳಿಂದಲೇ ಆರಿಸಿದರೆ ಹೇಗೆ?

ಉತ್ತರ 1 ಬರೆದವರಿಂದ

ಅದೇ ಸರಿಯಾದ ದಾರಿ. ಟಿಪ್ಪಣಿಗಳನ್ನು ಕಮಾಂಡ್‌ಗೆ ಕೊಡುವ ಮೊದಲು ಎಂಜಿನಿಯರ್‌ಗಳಲ್ಲಿ ಇಬ್ಬರನ್ನು ಕೂರಿಸಿಕೊಂಡು, ಇವುಗಳಲ್ಲಿ ಯಾವ ಪ್ರಶ್ನೆಗೆ ಮೊದಲೇ ಉತ್ತರ ಸಿಕ್ಕಿದ್ದರೆ ಅವರ ಕೆಲಸ ಉಳಿಯುತ್ತಿತ್ತು ಎಂದು ಕೇಳಿ. ಕಮಾಂಡ್ ಕಡತವನ್ನು ನಿಮ್ಮ ಸ್ವಂತ ಫೋಲ್ಡರಿನಲ್ಲಿಡದೆ ತಂಡದವರೆಲ್ಲ ಹಂಚಿಕೊಳ್ಳುವ ಕಡತಗಳಿರುವ ಪ್ರಾಜೆಕ್ಟ್‌ನ ಗಿಟ್‌ನಲ್ಲಿಡಿ; ಆಗ ಬಿಟ್ಟುಹೋದ ಪ್ರಶ್ನೆಯನ್ನು ಅವರೇ ಒಂದು ಸಾಲಾಗಿ ಸೇರಿಸುತ್ತಾರೆ.