ಜುಲೈನಲ್ಲಿ ಕಕಾಡು: ಗಾಳ, ಟೆಂಟ್, ಮಕ್ಕಳು. ಹೋಗಿ ಬಂದವರು ಹೇಳಿ

ಮೆಲ್ಬರ್ನ್_ಮಲ್ಲಿಗೆ:
ಶಾಲೆ ರಜೆಗೆ ಉತ್ತರ ಆಸ್ಟ್ರೇಲಿಯಾದ ಡಾರ್ವಿನ್‌ಗೆ ಟಿಕೆಟ್ ಆಗಿದೆ. ಅಲ್ಲಿಂದ ಕಾರಲ್ಲಿ ಕಕಾಡು ರಾಷ್ಟ್ರೀಯ ಉದ್ಯಾನ, ನಾಲ್ಕು ರಾತ್ರಿ ಟೆಂಟ್. ಮಾವನವರು ಮಳವಳ್ಳಿಯಿಂದ ಬಂದಿದ್ದಾರೆ, ಚಿಕ್ಕಂದಿನಿಂದ ಕಾವೇರೀಲಿ ಗಾಳ ಹಾಕಿದವರು. ಅವರ ಕೈಯಲ್ಲಿ ಒಂದು ಬಾರಾಮುಂಡಿ ಮೀನು ಹಿಡಿಸಬೇಕು ಅಂತ ನನ್ನಾಸೆ. ಮಕ್ಕಳಿಗೆ 6 ಮತ್ತು 9 ವರ್ಷ. ದಡದಲ್ಲಿ ನಿಂತೇ ಹಿಡಿಯಬಹುದಾ, ಬೋಟ್ ಬೇಕೇ ಬೇಕಾ? ಟೆಂಟ್ ಎಲ್ಲಿ ಹಾಕೋದು?

ಗಾಳಗಾರ_ಡಾರ್ವಿನ್:
ಎಂಟು ಸಲ ಹೋಗಿ ಬಂದಿದ್ದೀನಿ, ಆ ಧೈರ್ಯದ ಮೇಲೆ ಹೇಳ್ತೀನಿ. ಬಾರಾಮುಂಡಿಗೆ ಜುಲೈ ಒಳ್ಳೇ ಕಾಲ ಅಲ್ಲ ಅಕ್ಕ. ಮಳೆಗಾಲ ಮುಗಿದು ಬಯಲಲ್ಲಿ ನಿಂತ ನೀರು ಹಳ್ಳಗಳಿಗೆ ಇಳಿಯುತ್ತಲ್ಲ, ಮಾರ್ಚಿಂದ ಮೇ, ಆಗ ಮೀನು ಹಳ್ಳದ ಬಾಯಲ್ಲೇ ಕಾದಿರುತ್ತೆ. ಜುಲೈನಲ್ಲಿ ನೀರು ತಣ್ಣಗೆ, ಮೀನು ಮಂಕು. ಆದ್ರೂ ಕಕಾಡು ಒಳಗಿನ ಯೆಲ್ಲೋ ವಾಟರ್‌ನಲ್ಲಿ ಬೋಟ್ ಇದ್ರೆ ಸಿಗುತ್ತೆ. ಹವ್ಯಾಸಿಗಳಿಗೆ ಲೈಸೆನ್ಸ್ ಬೇಡ, ಪಾರ್ಕ್ ಪಾಸ್ ಇರ್ಲಿ. ಬೀಸುಬಲೆ, ಏಡಿ ಬುಟ್ಟಿ ಒಯ್ಯಬೇಡಿ, ಪಾರ್ಕ್ ಒಳಗೆ ಬಿಡಲ್ಲ. 55 ಸೆಂ.ಮೀ.ಗಿಂತ ಚಿಕ್ಕದು ಸಿಕ್ಕರೆ ವಾಪಸ್ ಬಿಡಲೇಬೇಕು. ದೊಡ್ಡದನ್ನೂ ಒಂದು ಫೋಟೊ ತೆಗೆದು ಬಿಟ್ಟುಬಿಡಿ, ಮೀನಿಗೇನೂ ಆಗಲ್ಲ.

ಕಾವೇರಿ_ತೀರ:
“ಮೀನಿಗೇನೂ ಆಗಲ್ಲ.” ಇದೇ ಮಾತನ್ನ ಕಾವೇರಿ ದಡದ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕಳಿ ಗಾಳದ ಕ್ಯಾಂಪುಗಳಲ್ಲಿ ವರ್ಷಗಟ್ಟಲೆ ಕೇಳಿದ್ದೀವಿ. ಹಿಡಿಯೋದು, ತೂಗೋದು, ಫೋಟೊ, ಬಿಡೋದು. ಕೊನೆಗೆ ಏನಾಯ್ತು? ಬೆನ್ನು ಉಬ್ಬಿದ ಕಾವೇರಿ ಮಹಶೀರ್ ಮೀನು ಅಳಿವಿನ ಅಂಚಿಗೆ ಬಂತು. 2018ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನ ತೀವ್ರ ಅಪಾಯದ ಪಟ್ಟಿಗೇ ಸೇರಿಸ್ತು. ರಾಷ್ಟ್ರೀಯ ಉದ್ಯಾನ ಅಂತ ಹೆಸರಿಟ್ಟ ಮೇಲೆ ಅಲ್ಲಿ ಗಾಳಕ್ಕೇನು ಕೆಲಸ?

ಗಾಳಗಾರ_ಡಾರ್ವಿನ್:
ಅಂಚಿಗೆ ತಂದಿದ್ದು ಗಾಳವಾ? ಆ ಮೀನು ಕಡಿಮೆ ಆಗ್ತಿದೆ ಅಂತ ಜಗತ್ತಿಗೆ ಗೊತ್ತಾಗಿದ್ದೇ ಗಾಲಿಬೋರೆ ಕ್ಯಾಂಪಿನ ಲೆಕ್ಕದ ಪುಸ್ತಕಗಳಿಂದ. 1998ರಿಂದ 2012ರವರೆಗೆ ಯಾರು ಯಾವ ಮೀನು ಹಿಡಿದ್ರು, ಎಷ್ಟು ತೂಕ, ಎಲ್ಲ ಬರೆದಿಟ್ಟಿದ್ರು. ಸಂಶೋಧಕರು ನೋಡಿದ್ದು ಅದನ್ನೇ. ಗಾಳದವರು ಇಲ್ಲದಿದ್ರೆ ಆ ಮೀನು ಸದ್ದಿಲ್ಲದೆ ಹೋಗ್ತಿತ್ತು.

ಕಾವೇರಿ_ತೀರ:
ಲೆಕ್ಕ ಬರೆದ್ರು, ಸರಿ. ಆ ಲೆಕ್ಕ ಏನು ಹೇಳುತ್ತೆ ಅದನ್ನೂ ಹೇಳಿ ಸಾರ್. ಹಿಡಿದು ಬಿಡ್ತಾ ಇದ್ದ ಅಷ್ಟೂ ವರ್ಷ ಉಬ್ಬು ಬೆನ್ನಿನ ಮೀನು ಇಳೀತಾನೇ ಹೋಯ್ತು.

ಗಾಳಗಾರ_ಡಾರ್ವಿನ್:
ಅದೇ ಲೆಕ್ಕದಲ್ಲಿ ನೀಲಿ ರೆಕ್ಕೆ ಮಹಶೀರ್ ಏರ್ತಾ ಹೋಯ್ತು, ಅದನ್ಯಾಕೆ ನುಂಗಿದ್ರಿ? ಎರಡಕ್ಕೂ ಗಾಳ ಒಂದೇ, ನದಿ ಒಂದೇ. ಲೋಣಾವಳದ ಹ್ಯಾಚರಿಯಲ್ಲಿ ಮರಿ ಮಾಡಿ ತಂದು ಕಾವೇರಿಗೆ ಬಿಟ್ಟ ಮೀನು ಅದು. ಉಬ್ಬು ಬೆನ್ನಿನದ್ದು ಸಿಕ್ಕಿದ್ದೆಲ್ಲ ಬರಬರ್ತಾ ದೊಡ್ಡದೇ, ಮರಿ ಇಲ್ಲ. ಮರಿ ಆಗ್ತಿಲ್ಲ ಅಂದ್ರೆ ತಪ್ಪು ಗಾಳದ್ದಲ್ಲ.

ಅಳಿವೆ_ಬಾಗಿಲು:
ಅಲ್ಲ ಮಾರಾಯ್ರೆ, ತಿನ್ನದಿದ್ರೆ ಹಿಡಿಯುದು ಎಂತಕ್ಕೆ? ಬಾರಾಮುಂಡಿ ಅಂದ್ರೆ ಬಂಗಾಳದವರ ಭೆಟ್ಕಿ, ಕೇರಳದವರ ಕಾಳಾಂಜಿ. ಎಷ್ಟು ರುಚಿಯ ಮೀನು! ಬಾಯಿಗೆ ಕೊಕ್ಕೆ ಚುಚ್ಚಿ, ದಡಕ್ಕೆ ಎಳೆದು, ಉಸಿರು ಕಟ್ಟಿಸಿ ಮತ್ತೆ ನೀರಿಗೆ ಹಾಕಿದ್ರೆ ಅದು ಆಟ ಆಯ್ತು. ಒಂದು ಹಿಡಿದು ಒಂದು ತಿನ್ನುವವ ಮೀನಿಗೆ ಮರ್ಯಾದೆ ಕೊಟ್ಟ ಹಾಗೆ.

ಹಕ್ಕಿನೋಟ_ಧಾರವಾಡ:
ಎಲ್ಲಾರೂ ಮೀನಿನ ಜೀವದ ಬಗ್ಗೆನ ಮಾತಾಡಾಕತ್ತೀರಿ. ಆರು ವರ್ಷದ ಕೂಸು ದಂಡಿ ಮ್ಯಾಲೆ ನಿಂದ್ರತೈತಿ, ಅದನ್ನ ಯಾರಾರ ಹೇಳ್ರಿ. ಉಪ್ಪುನೀರಿನ ಮೊಸಳಿಗೆ 1971ರಾಗ ರಕ್ಷಣೆ ಕೊಟ್ಟಾಗ ಉತ್ತರ ಪ್ರಾಂತ್ಯದಾಗ ಸುಮಾರು 3,000 ಉಳಿದಿದ್ವು, ಈಗ ಲಕ್ಷದ ಹತ್ತಿರ ಅದಾವ. ಕಕಾಡುದಾಗ ನದಿ ದಾಟೂ ಕೇಹಿಲ್ಸ್ ಕ್ರಾಸಿಂಗ್‌ನಾಗ 1987ರಾಗ ಮೀನು ಹಿಡಿಯಾಂವನ್ನ ಎಳಕೊಂಡು ಹೋಗೈತಿ, 2017ರಾಗ ನಡಕೊಂಡು ದಾಟಾಂವನ್ನ. ಅಕ್ಕಾರ, ನೀರಿನ ಅಂಚಿನಿಂದ ಐದು ಮೀಟರ್ ಹಿಂದ ನಿಂದರ್ರಿ. ಟೆಂಟ್ 50 ಮೀಟರ್ ದೂರ ಇರಲಿ. ಹಿಡದ ಮೀನು ದಂಡಿ ಮ್ಯಾಲೆ ಕೊಯ್ಯಬ್ಯಾಡ್ರಿ. ದಿನಾ ಒಂದ ಜಾಗಕ್ಕ ನೀರಿನ ಹತ್ತಿರ ಹೋಗಬ್ಯಾಡ್ರಿ, ಅದು ನೋಡಿಟ್ಟುಕೊಂಡಿರತೈತಿ.

ಮೆಲ್ಬರ್ನ್_ಮಲ್ಲಿಗೆ:
ಗಾಬರಿ ಆಯ್ತು ಓದಿ. ಆದ್ರೆ ಯೆಲ್ಲೋ ವಾಟರ್ ಸಿಹಿನೀರಿನ ಬಿಲ್ಲಬಾಂಗ್, ಅಂದ್ರೆ ನದಿ ಪಕ್ಕದ ಕೊಳ ಅಲ್ವಾ? ಉಪ್ಪುನೀರಿನ ಮೊಸಳೆ ಅಲ್ಲಿಗೆ ಹೇಗೆ ಬರುತ್ತೆ? ರಂಗನತಿಟ್ಟಿನಲ್ಲಿ ಬೋಟ್ ಪಕ್ಕದಲ್ಲೇ ಬಂಡೆ ಮೇಲೆ ಮಲಗಿರುತ್ತೆ, ಏನೂ ಮಾಡಲ್ಲ.

ಹಕ್ಕಿನೋಟ_ಧಾರವಾಡ:
ಹೆಸರು ನಂಬಬ್ಯಾಡ್ರಿ. ಸಮುದ್ರದಿಂದ ನೂರು ಕಿಲೋಮೀಟರ್ ಒಳಗಿನ ಸಿಹಿನೀರಿನಾಗೂ ಅದು ಇರತೈತಿ. 2002ರಾಗ ಸ್ಯಾಂಡಿ ಬಿಲ್ಲಬಾಂಗ್‌ನಾಗ ರಾತ್ರಿ ಈಜಾಕ ಇಳದ ಜರ್ಮನಿ ಹುಡುಗಿ ಮೊಸಳಿ ಬಾಯಿಗೆ ಹೋದಳು. ಅದೂ ಸಿಹಿನೀರ. ರಂಗನತಿಟ್ಟಿಂದು ಬ್ಯಾರೆ ಜಾತಿ, ಅದಕ್ಕ ಇದಕ್ಕ ಹೋಲಿಸಬ್ಯಾಡ್ರಿ.

ಕಾವೇರಿ_ತೀರ:
ಮೊಸಳೆ ಉದಾಹರಣೆ ನನ್ನ ಮಾತಿಗೇ ಸಾಕ್ಷಿ. 1971ರಲ್ಲಿ ಬೇಟೆ ನಿಲ್ಲಿಸಿದ್ರು, 3,000 ಇದ್ದದ್ದು ಲಕ್ಷದ ಹತ್ತಿರ ಆಯ್ತು. ಕೈ ಹಾಕದೆ ಬಿಟ್ರೆ ಜೀವ ತಾನೇ ಬೆಳೆಯುತ್ತೆ. ಆ ಕ್ಯಾಂಪುಗಳಿದ್ದ ಕಾವೇರಿ ಅಭಯಾರಣ್ಯದಲ್ಲಿ ಗಾಳ ನಿಲ್ಲಿಸಿದ್ದೂ ಅದಕ್ಕೇ.

ಗಾಳಗಾರ_ಡಾರ್ವಿನ್:
“ಕೈ ಹಾಕದೆ ಬಿಟ್ರೆ”! ಕ್ಯಾಂಪ್ ಮುಚ್ಚಿದ ಮೇಲೆ ನದಿ ಕಾಯೋರು ಯಾರು? ಮೊದಲು ಮೀನು ಕದಿಯುತ್ತಿದ್ದ ಹುಡುಗರನ್ನೇ ಕ್ಯಾಂಪಿನವರು ಕೆಲಸಕ್ಕೆ ಇಟ್ಕೊಂಡಿದ್ರು, ಅವರೇ ರಾತ್ರಿ ಕಾವಲು. ಕ್ಯಾಂಪ್ ಹೋಯ್ತು, ಕೂಲಿ ಹೋಯ್ತು, ಮೀನಿಗೆ ಅಂತ ನೀರಲ್ಲಿ ತೋಟೆ (ಸಿಡಿಮದ್ದು) ಸಿಡಿಸೋರು ಬಂದ್ರು. ಒಂದು ತೋಟೆಗೆ ಮರಿ, ಮೊಟ್ಟೆ ಎಲ್ಲ ಸತ್ತು ತೇಲುತ್ತೆ. ನೀವು ಅಲ್ಲಿ ಒಂದು ರಾತ್ರಿ ಮಲಗಿ ನೋಡಿದ್ದೀರಾ?

ಕಾವೇರಿ_ತೀರ:
ನಾನು ಹುಟ್ಟಿದ್ದೇ ಆ ದಡದಲ್ಲಿ. ಡಾರ್ವಿನ್‌ನಲ್ಲಿ ಕೂತು ನನಗೆ ಕಾವೇರಿ ಪಾಠ ಹೇಳಬೇಡಿ. ಸಾವಿರಾರು ರೂಪಾಯಿ ಕೊಟ್ಟು ಬಂದವರು ಗಾಳ ಹಾಕಬಹುದು, ನಮ್ಮಪ್ಪ ಸಾರಿಗೆ ಎರಡು ಮೀನು ಹಿಡಿದ್ರೆ ಕಳ್ಳ. ಆ ಕ್ಯಾಂಪ್‌ಗಳ ಕಾಲ ಅದು.

ಗಾಳಗಾರ_ಡಾರ್ವಿನ್:
ನಿಮ್ಮಪ್ಪನ ಸುದ್ದಿ ನಾನು ಎತ್ತಲಿಲ್ಲ. ಮಾತು ಎಲ್ಲಿಂದ ಎಲ್ಲಿಗೆ ಒಯ್ತಿದ್ದೀರಿ?

ಅಳಿವೆ_ಬಾಗಿಲು:
ಅವರು ಹೇಳಿದ್ದು ಸರಿ ಉಂಟು. ಹೊಟ್ಟೆಗೆ ಹಿಡಿಯುವವ ಕಳ್ಳ, ಫೋಟೊಕ್ಕೆ ಹಿಡಿಯುವವ ಅತಿಥಿ. ಕಕಾಡುವಲ್ಲಿ ಹಾಗೆ ಇಲ್ಲವಲ್ಲ. ಅಲ್ಲಿಯ ಮೂಲನಿವಾಸಿ ಬಿನಿಂಜ್ ಜನಕ್ಕೆ ಬೇಟೆ, ಮೀನು ಎರಡರ ಹಕ್ಕೂ ಉಂಟು, ಪಾರ್ಕ್ ನಡೆಸುವುದರಲ್ಲೂ ಅವರು ಪಾಲುದಾರರು.

ಗಾಳಗಾರ_ಡಾರ್ವಿನ್:
ಅದೇ ಬಿನಿಂಜ್ ಜನ ಕೂತು ನಿರ್ಧರಿಸೋ ಪಾರ್ಕ್‌ನಲ್ಲೇ ಹವ್ಯಾಸಿ ಗಾಳಕ್ಕೂ ಅವಕಾಶ ಇದೆ. ವೆಸ್ಟ್ ಅಲಿಗೇಟರ್ ನದಿ ಮುಚ್ಚಿದ್ದಾರೆ, ಬೇರೆ ಕಡೆ ತೆರೆದಿದ್ದಾರೆ. ನಿಯಮ ಇದ್ರೆ ಮೀನೂ ಉಳಿಯುತ್ತೆ, ಜನಾನೂ ಉಳೀತಾರೆ. ಇನ್ನು ತಿನ್ನೋ ಮಾತು. ಬಾರಾಮುಂಡಿ ಮೊದಲು ಗಂಡು, ಬೆಳೆದ ಮೇಲೆ ಹೆಣ್ಣಾಗುತ್ತೆ. ಮೀಟರ್ ಉದ್ದದ್ದು ಸಿಕ್ತು ಅಂದ್ರೆ ಅದು ಲಕ್ಷಾಂತರ ಮೊಟ್ಟೆ ಇಡೋ ತಾಯಿ. ತಿನ್ನೋರು 60-70 ಸೆಂ.ಮೀ.ದು ತಿನ್ನಿ, ತಾಯಿನ ಬಿಡಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ 120 ಸೆಂ.ಮೀ. ದಾಟಿದ್ದನ್ನ ಬಿಡಲೇಬೇಕು ಅಂತ ಕಾನೂನೇ ಇದೆ.

ಕಾವೇರಿ_ತೀರ:
ತಾಯಿ ಅಂತ ಗೊತ್ತಿದ್ದೂ ಅದರ ಬಾಯಿಗೆ ಕೊಕ್ಕೆ ಹಾಕ್ತೀರಲ್ಲ. ಇದಕ್ಕಿಂತ ಹೆಚ್ಚು ನಾನೇನು ಹೇಳಲಿ?

ಅಳಿವೆ_ಬಾಗಿಲು:
70 ಸೆಂ.ಮೀ.ದು ಸಾಕು. ದೊಡ್ಡದು ರುಚಿಯೂ ಇಲ್ಲ.

ಹಕ್ಕಿನೋಟ_ಧಾರವಾಡ:
ಮೀನು ಮೀನು ಅಂತ ಜುಲೈ ತಿಂಗಳ ಹಕ್ಕಿ ಬಿಟ್ಟರಲ್ರಿ! ಬಿನಿಂಜ್ ಮಂದಿಗೂ ನಮ್ಮಂಗ ವರ್ಷಕ್ಕ ಆರು ಋತು. ಜುಲೈ ಅಂದ್ರ ಅವರಿಗೆ ವುರ್ಗೆಂಗ್, ತಂಪಿನ ಕಾಲ. ನೀರು ಇಂಗಿ ಬಿಲ್ಲಬಾಂಗ್ ಸಣ್ಣವಾಗತಾವ, ಮ್ಯಾಗ್‌ಪೈ ಬಾತುಗಳು ಹಿಂಡುಗಟ್ಟಲೆ ಅಲ್ಲೇ ಬಂದು ಸೇರತಾವ. ಮುಂಜಾನಿ ಯೆಲ್ಲೋ ವಾಟರ್ ಬೋಟಿನಾಗ ಕುಂದರ್ರಿ, ನಿಮ್ಮ ಮಾವನಾರಿಗೆ ಗಾಳ ಮರತ ಹೋಗತೈತಿ.

ಮೆಲ್ಬರ್ನ್_ಮಲ್ಲಿಗೆ:
ಇದನ್ನೆಲ್ಲ ಮಾವನವರಿಗೆ ಓದಿ ಹೇಳಿದೆ. ಕಾವೇರಿ_ತೀರ ಅವರ ಅಪ್ಪನ ಮಾತು ಬಂದಾಗ ಇನ್ನೊಂದು ಸಲ ಓದು ಅಂದ್ರು. ಅವರೂ ಹಾಗೇ ಒಂದು ಸಲ ಗಾಳ ಕಿತ್ತಿಸಿಕೊಂಡು ಮನೆಗೆ ಬಂದಿದ್ರಂತೆ. ಟೆಂಟ್ ಎಲ್ಲಿ ಅಂತ ಮಾತ್ರ ಇನ್ನೂ ಯಾರೂ ಹೇಳಿಲ್ಲ.

ಹಕ್ಕಿನೋಟ_ಧಾರವಾಡ:
ಕೂಯಿಂಡಾ. ಅಂಗಡಿ ಐತಿ, ಬೋಟೂ ಅಲ್ಲಿಂದನ. ಉಬಿರ್ ಅನ್ನೂ ಕಡೆ ಬಂಡೆಗಲ್ಲಿನ ಮ್ಯಾಲಿನ ಚಿತ್ರ ನೋಡಾಕ ಮೆರ್ಲ್ ಕ್ಯಾಂಪ್ ಹತ್ತಿರ, ಆದ್ರ ಸೊಳ್ಳಿ ತಡಕೊಳ್ಳಾಕ ಆಗೂದಿಲ್ಲ, ಮಕ್ಕಳ ಜೋಡಿ ಬ್ಯಾಡ.

ಗಾಳಗಾರ_ಡಾರ್ವಿನ್:
ಕೂಯಿಂಡಾ ಸರಿ. ಮಾವನವರಿಗೆ ನನ್ನ ಬೋಟ್ ಇದೆ, ಒಂದು ದಿನ ಬರ್ತೀನಿ. ಕಾವೇರಿ_ತೀರ ಅವರೇ, ತೋಟೆ ವಿಷಯಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ.

ಕಾವೇರಿ_ತೀರ:
ಮೊದಲು ನೀವು ಕೊಡಿ. 14 ವರ್ಷ ಹಿಡಿದು ಬಿಟ್ಟ ಮೀನು ಯಾಕೆ ಉಳಿಯಲಿಲ್ಲ?