ಕ್ರಿಬೆನ್ಸಿಸ್ ಮೀನಿನ ಮೊಟ್ಟೆ ಮೂರನೇ ದಿನಕ್ಕೆ ಮಾಯ, ತೆಗೆದು ಬೇರೆ ಇಡಬೇಕಾ?

ಗಿರಿನೀರು (ಚಿಕ್ಕಮಗಳೂರು):
ಎಲ್ಲರಿಗೂ ನಮಸ್ಕಾರ. ಎರಡಡಿ ಟ್ಯಾಂಕ್‌ನಲ್ಲಿ ಒಂದು ಜೋಡಿ ಕ್ರಿಬೆನ್ಸಿಸ್ ಇದೆ. ಜೊತೆಗೆ ಒಂದಷ್ಟು ನಿಯಾನ್ ಟೆಟ್ರಾ, ಪಾಚಿ ತಿನ್ನಲಿ ಅಂತ ತಂದ ಒಂದು ಸಕ್ಕರ್ ಮೀನು. ತೆಂಗಿನ ಕರಟ ಬೋರಲು ಹಾಕಿ, ಬಾಗಿಲು ಕೊರೆದು ಕೊಟ್ಟಿದ್ದೇನೆ. ಹೆಣ್ಣಿನ ಹೊಟ್ಟೆ ನೇರಳೆಹಣ್ಣು ತಿಂದ ನಾಲಿಗೆ ಥರ ಬಣ್ಣಕ್ಕೆ ತಿರುಗುತ್ತದೆ, ಗಂಡಿನ ಮುಂದೆ ಮೈ ಬಾಗಿಸಿ ನಡುಗುತ್ತದೆ, ಆಮೇಲೆ ಕರಟ ಸೇರಿದರೆ ಹೊರಗೆ ಬರುವುದೇ ಅಪರೂಪ. ಟಾರ್ಚ್ ಬಿಟ್ಟರೆ ಕರಟದ ಒಳಮೈಗೆ ಮೊಟ್ಟೆ ಅಂಟಿರುವುದು ಕಾಣುತ್ತದೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಖಾಲಿ. ಪ್ರತಿ ಸಲ ಇದೇ ಕಥೆ.

ನಲ್ಲಿ ನೀರನ್ನೇ ಒಂದು ದಿನ ಬಕೆಟ್‌ನಲ್ಲಿಟ್ಟು ಹಾಕುತ್ತೇನೆ. ಹೀಟರ್ 26ಕ್ಕಿದೆ. ಅಪ್ಪ ಅಮ್ಮನೇ ತಿಂದುಬಿಡುತ್ತವೆ, ಕರಟ ಎತ್ತಿ ಬೇರೆ ಇಡಿ ಅಂತಾರೆ ಅಂಗಡಿಯವರು. ಮಳೆನೀರು ಹಾಕಿ ಅಂತ ಇನ್ನೊಬ್ಬರು. ಮಳೆಗೇನು ಬರ ಇಲ್ಲ, ಡ್ರಮ್ ತುಂಬಿದೆ. ಏನು ಮಾಡಲಿ?

ಹಾಸನದ ಮೀನುಮನೆ:
ಕರಟ ಎತ್ತಬೇಡಿ. ಸಕ್ಕರ್ ಎತ್ತಿ.

26 ಡಿಗ್ರಿಯಲ್ಲಿ ಕ್ರಿಬ್ ಮೊಟ್ಟೆ ಒಡೆಯುವುದೇ ಮೂರನೇ ದಿನದ ಹೊತ್ತಿಗೆ. ಒಡೆದ ಮರಿ ಈಜುವುದಿಲ್ಲ, ಬಾಲ ಅಲ್ಲಾಡಿಸುತ್ತಾ ಗುಂಪಾಗಿ ಬಿದ್ದಿರುತ್ತದೆ. ತಾಯಿ ಅವನ್ನು ಬಾಯಲ್ಲಿ ಕಚ್ಚಿಕೊಂಡು ಮರಳಿನ ಗುಂಡಿಗೋ ಕರಟದ ಮೂಲೆಗೋ ಸಾಗಿಸುತ್ತಾಳೆ. ನೋಡುವವರಿಗೆ ತಿಂದ ಹಾಗೇ ಕಾಣುತ್ತದೆ! ಆದ್ದರಿಂದ ಮೊಟ್ಟೆ ನೋಡಬೇಡಿ, ತಾಯಿಯನ್ನು ನೋಡಿ. ಟೆಟ್ರಾಗಳನ್ನು ಮೂಲೆಗೆ ಅಟ್ಟುತ್ತಿದ್ದರೆ ಮರಿ ಇವೆ. ಸುಮ್ನೆ ತಿರುಗಾಡಿಕೊಂಡಿದ್ದರೆ ಆ ಸಲದ್ದು ಮುಗೀತು ಅಂತ ಲೆಕ್ಕ.

ಹಾಗೆ ಮುಗಿಯುತ್ತಿದ್ದರೆ ನನ್ನ ಅನುಮಾನ ಸಕ್ಕರ್ ಮೇಲೆ. ಅದು ರಾತ್ರಿ ಓಡಾಡುವ ಮೀನು. ಕತ್ತಲಲ್ಲಿ ಕ್ರಿಬ್‌ಗೆ ಸರಿಯಾಗಿ ಕಾಣಿಸುವುದಿಲ್ಲ, ಸಕ್ಕರ್‌ಗೆ ಕಣ್ಣೇ ಬೇಕಿಲ್ಲ. ಮರಿ ಇದ್ದಾಗ ನಾನು ರಾತ್ರಿಯಿಡೀ ಝೀರೋ ಬಲ್ಬ್ ಉರಿಸುತ್ತೇನೆ. ಮನೆಯಲ್ಲಿ ಬೈಯುತ್ತಾರೆ, ಬೈಯಲಿ.

ಬೇರೆ ಇಟ್ಟರೆ ಬೂಸ್ಟು ಹಿಡಿದ ಮೊಟ್ಟೆ ಆರಿಸಿ ತೆಗೆಯುವ, ರೆಕ್ಕೆಯಲ್ಲಿ ಗಾಳಿ ಬೀಸುವ ಕೆಲಸ ಯಾರು ಮಾಡುತ್ತಾರೆ? ಅದಿರಲಿ, ತಾಯಿ ಮರಿಗಳನ್ನು ಮೇಯಿಸುವುದು ನೋಡದಿದ್ದರೆ ಕ್ರಿಬ್ ಸಾಕಿ ಏನು ಬಂತು? ಅಪಾಯ ಅನಿಸಿದರೆ ಒಮ್ಮೆ ರೆಕ್ಕೆ ಝಾಡಿಸುತ್ತಾಳೆ. ಅಷ್ಟೂ ಮರಿ ದಬಕ್ಕನೆ ತಳಕ್ಕಿಳಿದು, ಮರಳಿನಲ್ಲಿ ಮರಳಾಗಿ ಕೂರುತ್ತವೆ.

ಮೊಟ್ಟೆ ಇಟ್ಟು ಒಂದು ವಾರ ದಾಟುವ ಹೊತ್ತಿಗೆ ಮರಿ ಈಜುತ್ತವೆ. ಅಷ್ಟರಲ್ಲಿ ಆರ್ಟೀಮಿಯಾ (ಮರಿಗಳಿಗೆ ತಿನ್ನಿಸುವ, ಉಪ್ಪುನೀರಿನ ಪುಟಾಣಿ ಸಿಗಡಿಯಂಥ ಜೀವಿ) ರೆಡಿ ಇರಬೇಕು. ಅದರ ಮೊಟ್ಟೆಯನ್ನು ಬಾಟಲಿಯಲ್ಲಿ ಹಾಕಿಡಿ: ಲೀಟರ್ ನೀರಿಗೆ 25–30 ಗ್ರಾಂ ಕಲ್ಲುಪ್ಪು, ಏರ್ ಪಂಪ್ ನಿಲ್ಲಬಾರದು. 28 ಡಿಗ್ರಿ ಇದ್ದರೆ ಒಂದು ದಿನಕ್ಕೆ ಒಡೆಯುತ್ತದೆ, ನಿಮ್ಮೂರಿನ ಥಂಡಿಗೆ ಜಾಸ್ತಿ ಹೊತ್ತು ಬೇಕು. ಬಾಟಲಿ ಪಕ್ಕ ಒಂದು ಬಲ್ಬ್ ಇಡಿ. ಟ್ಯಾಂಕ್‌ನಲ್ಲಿ ಪವರ್ ಫಿಲ್ಟರ್ ಇದ್ದರೆ ಮರಿಗಳನ್ನು ಎಳೆದುಕೊಳ್ಳದ ಹಾಗೆ ಬಾಯಿಗೆ ಸ್ಪಾಂಜ್ ಕಟ್ಟಿ.

ಮೂಡಿಗೆರೆ ಕಾಫಿ:
ಬರೀ ಮಳೆನೀರು ಹಾಕಬೇಡಿ ಮಾರಾಯ್ರೆ. ಅದರಲ್ಲಿ ಖನಿಜ ಇರಲ್ಲ, ಪಿಎಚ್ (ನೀರಿನ ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ದಿಢೀರ್ ಅಂತ ಕುಸಿಯುತ್ತದೆ. ಕ್ರಿಬ್‌ಗೆ ನಲ್ಲಿ ನೀರು ಧಾರಾಳ ಸಾಕು, ಮೆದು ನೀರೇ (ಖನಿಜ ಕಮ್ಮಿ ಇರುವ ನೀರು) ಬೇಕು ಅಂತ ಹಟ ಹಿಡಿಯುವ ಮೀನು ಬ್ಲೂ ರ‍್ಯಾಮ್. ಇನ್ನೊಂದು ವಿಷಯ: ಮರಿ ಗಂಡಾಗುತ್ತೋ ಹೆಣ್ಣಾಗುತ್ತೋ ಅನ್ನುವುದರಲ್ಲಿ ಪಿಎಚ್ ಕೈವಾಡವೂ ಇದೆ. ನೀರು ಹುಳಿಯಾದಷ್ಟೂ ಗಂಡು ಜಾಸ್ತಿ. ಬರೀ ಗಂಡು ಮರಿ ತಗೊಂಡು ಹೋದರೆ ಅಂಗಡಿಯವರು ಮುಖ ನೋಡಲ್ಲ.

ಗಾಳಿಮಳೆಗೆ ಕರೆಂಟ್ ಹೋದರೆ ಟ್ಯಾಂಕ್‌ಗೆ ಕಂಬಳಿ ಸುತ್ತಿ. ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಂಡಿರಿ.

ಗಿರಿನೀರು (ಚಿಕ್ಕಮಗಳೂರು):
ಥ್ಯಾಂಕ್ಸ್ ಸರ್. ಈಗ ಹೋಗಿ ನೋಡಿದೆ, ಎರಡೂ ಸೇರಿ ಟೆಟ್ರಾಗಳನ್ನು ಹೀಟರ್ ಹಿಂದಕ್ಕೆ ತಳ್ಳಿವೆ! ಕರಟದ ಹಿಂದೆ ಗುಂಡಿಯೂ ಇದೆ. ಸಕ್ಕರನ್ನು ಸಂಜೆ ಹಿರೇಕೊಳಲೆ ಕೆರೆಗೆ ಬಿಟ್ಟು ಬರಲಾ?

ಹಾಸನದ ಮೀನುಮನೆ:
ದಯವಿಟ್ಟು ಬೇಡ. ಅದು ದಕ್ಷಿಣ ಅಮೆರಿಕದ ಮೀನು, ಕೆರೆ ಸೇರಿದರೆ ನಮ್ಮ ಮೀನುಗಳಿಗೆ ಉಳಿಗಾಲ ಇಲ್ಲ. ಸದ್ಯಕ್ಕೆ ಬಕೆಟ್‌ನಲ್ಲಿ ಗಾಳಿ ಬಿಟ್ಟು, ಮೇಲೆ ಮುಚ್ಚಿ ಇಡಿ, ಹಾರುತ್ತದೆ. ಎಷ್ಟುದ್ದ ಇದೆ? ನನ್ನ ನಾಲ್ಕಡಿ ಟ್ಯಾಂಕ್‌ನಲ್ಲಿ ಜಾಗ ಇದೆ. ಭಾನುವಾರ ಬೇಲೂರಿಗೆ ಬರುತ್ತೇನೆ, ಅಲ್ಲಿಗೆ ತಂದುಕೊಡಿ.